ಕ್ಷಯರೋಗಿಯ ಭರವಸೆ: ಸ್ಯಾನಿಟೋರಿಯಂ ಕಾಲದ ಒಂದು ಚರಿತ್ರೆ

ಕ್ಷಯರೋಗಿ ಸಾವಿನ ಹೊಸ್ತಿಲಲ್ಲಿದ್ದರೂ ನಾಳೆ ಎದ್ದು ಓಡಾಡುವ ಮಾತನಾಡುತ್ತಾನೆ ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಶ್ವಾಸಕೋಶದಿಂದ ರಕ್ತ ಕಾರುವ ರೋಗಿ ಕೊನೆಯ ಗಳಿಗೆಯವರೆಗೂ ಆಸೆ ಬಿಡುವುದಿಲ್ಲ ಎಂದು ಪ್ರಾಚೀನ ಗ್ರೀಕ್ ವೈದ್ಯ ಅರೆಟಿಯಸ್ ಅಚ್ಚರಿಪಟ್ಟು ಬರೆದಿದ್ದಾನೆ. 19ನೇ ಶತಮಾನದ ಯುರೋಪಿನ ವೈದ್ಯರು ಈ ಸ್ಥಿತಿಯನ್ನು 'ಸ್ಪೆಸ್ ಥೈಸಿಕಾ' ಎಂಬ ಲ್ಯಾಟಿನ್ ಹೆಸರಿನಿಂದ ಕರೆದರು. ಕ್ಷಯದವರ ಭರವಸೆ ಎಂದು ಅದರ ಅರ್ಥ. ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುವ ಮೈತೂಕಗಳ ಪಟ್ಟಿಯಲ್ಲಿ ಈ ಭರವಸೆಯೂ ಒಂದು ರೋಗಲಕ್ಷಣವಾಗಿ ಸೇರಿತು. ಬದುಕುವ ಆಸೆಯನ್ನೇ ರೋಗದ ವಿಷ ನೆತ್ತಿಗೇರಿದ ಗುರುತೆಂದು ಓದುವುದು ರೋಗಿಗಳಿಗೆ ಮಾಡಿದ ದೊಡ್ಡ ಅನ್ಯಾಯ. ಅವರು ನಗುನಗುತ್ತಾ ಮಾತನಾಡಿದ್ದಕ್ಕೆ ಹಾಸಿಗೆಯ ಪಕ್ಕ ಕುಳಿತ ತಾಯಿ, ಹೆಂಡತಿ, ಮಕ್ಕಳು ಕಾರಣವಾಗಿರಬಹುದು ಎಂಬ ಯೋಚನೆ ಆ ಗ್ರಂಥಗಳಲ್ಲಿ ಅಪರೂಪ.

ಭಾರತದ ವೈದ್ಯಪರಂಪರೆ ಈ ಕಾಯಿಲೆಯನ್ನು ಮನಸ್ಸಿನಿಂದ ಬೇರ್ಪಡಿಸಿ ನೋಡಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎಂಟನೆಯ ಅಧ್ಯಾಯ ರಾಜಯಕ್ಷ್ಮಕ್ಕೆ, ಅಂದರೆ ಕ್ಷಯಕ್ಕೆ, ಮೀಸಲು. ದಕ್ಷನ ಮಕ್ಕಳಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿ ಉಳಿದವರನ್ನು ಕಡೆಗಣಿಸಿದ ಚಂದ್ರ ಮಾವನ ಕೋಪಕ್ಕೆ ಸಿಕ್ಕು ಕ್ಷೀಣಿಸಿದ, ಅಶ್ವಿನೀದೇವತೆಗಳ ಚಿಕಿತ್ಸೆಯಿಂದ ಚೇತರಿಸಿಕೊಂಡ ಎಂಬ ಕಥೆಯಿಂದ ಅಧ್ಯಾಯ ಆರಂಭವಾಗುತ್ತದೆ. ರೋಗದ ಕಾರಣಗಳನ್ನು ಹೇಳುವಾಗ ಮೈಮೀರಿದ ದುಡಿಮೆ, ಹೊತ್ತುಗೊತ್ತಿಲ್ಲದ ಊಟಗಳ ಜೊತೆಗೆ ಹೊಟ್ಟೆಕಿಚ್ಚು, ಹಂಬಲ, ಭಯ, ಕೋಪ, ಶೋಕಗಳನ್ನೂ ಅದು ಹೆಸರಿಸುತ್ತದೆ. ಚಿಕಿತ್ಸೆಯ ಕೊನೆಯಲ್ಲಿ ಮಾಂಸರಸ, ತುಪ್ಪ, ಅಭ್ಯಂಗಗಳನ್ನೆಲ್ಲ ಹೇಳಿದ ಮೇಲೆ ಗೆಳೆಯರ ಸಂಗ, ಹಾಡು, ವಾದ್ಯ, ಕಿವಿಗೆ ಹಿತವಾದ ಮಾತು, ಹರ್ಷಣ, ಆಶ್ವಾಸನಗಳನ್ನು ಸೂಚಿಸುತ್ತದೆ. ಆಶ್ವಾಸನ ಎಂಬ ಪದದೊಳಗೆ ಶ್ವಾಸವೇ ಇದೆ. ಉಸಿರು ಕಟ್ಟಿದವನಿಗೆ ಮತ್ತೆ ಉಸಿರಾಡುವಂತೆ ಧೈರ್ಯ ಹೇಳುವುದೇ ಆಶ್ವಾಸನ. ಈ ಕಾಯಿಲೆಗೆ ಇದಕ್ಕಿಂತ ಹೆಚ್ಚು ಹೊಂದುವ ಪದ ಸಿಗುವುದು ಕಷ್ಟ.

ಆದರೆ ಆಶ್ವಾಸನದಿಂದ ರೋಗಾಣು ಸಾಯುವುದಿಲ್ಲ. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟರೂ ಅದನ್ನು ಕೊಲ್ಲುವ ಔಷಧಿ ಕೈಗೆ ಬರಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಆ ಅರವತ್ತು ವರ್ಷಗಳೇ ಕ್ಷಯರೋಗಿಗಳನ್ನು ಇರಿಸಿಕೊಂಡು ಉಪಚರಿಸುವ ಸ್ಯಾನಿಟೋರಿಯಂಗಳ ಉಚ್ಛ್ರಾಯಕಾಲ. ಇವುಗಳ ಬೀಜ ಬಿದ್ದದ್ದು ಸ್ವಲ್ಪ ಮೊದಲೇ, ಈಗ ಪೋಲೆಂಡಿಗೆ ಸೇರಿದ ಸೈಲೀಸಿಯಾದ ಗೋರ್ಬರ್ಸ್‌ಡಾರ್ಫ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಹರ್ಮನ್ ಬ್ರೆಹ್ಮರ್ ಎಂಬ ವೈದ್ಯ 1850ರ ದಶಕದಲ್ಲಿ ಆರಂಭದ ಹಂತದ ಕ್ಷಯ ವಾಸಿಯಾಗುತ್ತದೆ ಎಂದು ಸಾರಿ, ಎತ್ತರದ ಗಾಳಿ, ಹೊಟ್ಟೆತುಂಬ ಊಟ, ಅಳತೆಯ ನಡಿಗೆಗಳ ಚಿಕಿತ್ಸೆಯನ್ನು ಅಲ್ಲಿ ಕಟ್ಟಿದ. ಅವನ ರೋಗಿಯೂ ಆಮೇಲೆ ಸಹಾಯಕನೂ ಆದ ಪೀಟರ್ ಡೆಟ್‌ವೈಲರ್ 1876ರಲ್ಲಿ ಫಾಲ್ಕೆನ್‌ಸ್ಟೈನ್‌ನಲ್ಲಿ ಬೇರೆ ಸಂಸ್ಥೆ ತೆರೆದು, ನಡಿಗೆಯ ಬದಲು ವಿಶ್ರಾಂತಿಗೆ ಒತ್ತು ಕೊಟ್ಟ. ಬಯಲು ಜಗಲಿಯ ಒರಗು ಕುರ್ಚಿಯಲ್ಲಿ ಕಂಬಳಿ ಹೊದ್ದು ದಿನವಿಡೀ ಮಲಗಿರುವ ಪದ್ಧತಿ ಅಲ್ಲಿಂದ ಲೋಕಕ್ಕೆ ಹರಡಿತು.

ಅಮೆರಿಕದ ಅಡಿರಾಂಡ್ಯಾಕ್ ಕಾಡಿಗೆ ಈ ಪದ್ಧತಿಯನ್ನು ತಂದವನು ಸ್ವತಃ ಕ್ಷಯರೋಗಿ. ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೋ ಹದಿಹರೆಯದಲ್ಲೇ ಅಣ್ಣನ ಶುಶ್ರೂಷೆ ಮಾಡಿ, ಅವನು ಇದೇ ಕಾಯಿಲೆಯಿಂದ ಸಾಯುವುದನ್ನು ಕಣ್ಣಾರೆ ಕಂಡಿದ್ದ. 1873ರಲ್ಲಿ ತನಗೂ ಅದೇ ಕಾಯಿಲೆ ಎಂದು ತಿಳಿದಾಗ, ಉಳಿದ ದಿನಗಳನ್ನು ತನಗೆ ಇಷ್ಟವಾದ ಕಾಡಿನಲ್ಲಿ ಕಳೆಯೋಣವೆಂದು ಹೊರಟ. ಸಾಯಲು ಹೋದವನು ಸಾಯಲಿಲ್ಲ. ಬ್ರೆಹ್ಮರನ ಪ್ರಯೋಗದ ಬಗ್ಗೆ ಓದಿ, ಸರನಾಕ್ ಲೇಕ್‌ನಲ್ಲಿ 1884-85ರ ಹೊತ್ತಿಗೆ 'ಲಿಟಲ್ ರೆಡ್' ಎಂಬ ಪುಟ್ಟ ಕೆಂಪು ಮನೆಯಿಂದ ತನ್ನ ಸ್ಯಾನಿಟೋರಿಯಂ ಆರಂಭಿಸಿದ. ಮೊದಲ ರೋಗಿಗಳು ನ್ಯೂಯಾರ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಅಕ್ಕತಂಗಿಯರು. ಟ್ರೂಡೋವಿನ ಮಗಳು ಷಾರ್ಲೆಟ್ ಕ್ಷಯದಿಂದಲೇ ತೀರಿಕೊಂಡಳು. ಅವನು ಮಾತ್ರ 1915ರವರೆಗೆ ರೋಗದೊಂದಿಗೇ ಬದುಕಿದ. ಅವನ ಮಾತಿಗೆ ರೋಗಿಗಳು ಕಿವಿಗೊಟ್ಟದ್ದು ಅವನೂ ತಮ್ಮಂತೆ ಕೆಮ್ಮುವವನು ಎಂಬ ಕಾರಣಕ್ಕೆ. ದೀರ್ಘರೋಗಿಗೆ ಇನ್ನೊಬ್ಬ ದೀರ್ಘರೋಗಿಯಿಂದ ಸಿಗುವ ಧೈರ್ಯದ ಬೆಲೆಯನ್ನು ಆ ಊರು ಅಷ್ಟು ಮೊದಲೇ ಕಂಡುಕೊಂಡಿತ್ತು. 1904ರಲ್ಲಿ ಅಲ್ಲಿಂದ ಹೊರಟ 'ಜರ್ನಲ್ ಆಫ್ ದಿ ಔಟ್‌ಡೋರ್ ಲೈಫ್' ಎಂಬ ಪತ್ರಿಕೆಯ ಹಿಂದಿದ್ದ ಲಾರಸನ್ ಬ್ರೌನ್ ಕೂಡ ರೋಗಿಯಾಗಿ ಬಂದು ವೈದ್ಯನಾಗಿ ಉಳಿದವನು.

ಸ್ಯಾನಿಟೋರಿಯಂನ ದಿನಚರಿ ಗಂಟೆಯ ಸದ್ದಿಗೆ ನಡೆಯುತ್ತಿತ್ತು. ದಿನಕ್ಕೆ ಹಲವು ಸಲ ಥರ್ಮಾಮೀಟರ್, ಜೇಬಿನಲ್ಲಿ ಕಫದ ಡಬ್ಬಿ, ವಾರಕ್ಕೊಮ್ಮೆ ತೂಕ. ಹೊಸದಾಗಿ ಸೇರಿದವರಿಗೆ ಓದುವುದು, ಬರೆಯುವುದು, ಗಟ್ಟಿಯಾಗಿ ನಗುವುದೂ ಎಷ್ಟೋ ಕಡೆ ನಿಷಿದ್ಧ. ಗಂಡಸರು ಹೆಂಗಸರು ಬೆರೆಯುವಂತಿರಲಿಲ್ಲ. ಅರ್ಧ ಡಿಗ್ರಿ ಜ್ವರ ಇಳಿದರೆ ಹಬ್ಬ, ಏರಿದರೆ ಮತ್ತೆ ಹಾಸಿಗೆ. ತಿಂಗಳುಗಳು ವರ್ಷಗಳಾಗುತ್ತಿದ್ದವು. ಹೊರಗೆ ಮಗು ಹುಟ್ಟಿ ನಡೆಯಲು ಕಲಿತಿರುತ್ತಿತ್ತು, ಕೆಲಸ ಬೇರೆಯವರ ಪಾಲಾಗಿರುತ್ತಿತ್ತು. ಕಾಲವೇ ಆಕಾರ ಕಳೆದುಕೊಳ್ಳುವ ಈ ಅನುಭವವನ್ನು ಥಾಮಸ್ ಮಾನ್ 1924ರಲ್ಲಿ ಪ್ರಕಟವಾದ 'ದ ಮ್ಯಾಜಿಕ್ ಮೌಂಟನ್' ಕಾದಂಬರಿಯಲ್ಲಿ ಹಿಡಿದಿಟ್ಟ. ಹೆಂಡತಿ ಕಾಟ್ಯಾ ಸ್ಯಾನಿಟೋರಿಯಂ ಚಿಕಿತ್ಸೆಯಲ್ಲಿದ್ದಾಗ 1912ರಲ್ಲಿ ಅವನು ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋಗಿ ಕೆಲವು ವಾರ ಉಳಿದಿದ್ದ. ಕಾದಂಬರಿ ಬಂದ ವರ್ಷವೇ, ಜೂನ್ 3ರಂದು, ವಿಯೆನ್ನಾ ಬಳಿಯ ಕಿರ್ಲಿಂಗ್ ಸ್ಯಾನಿಟೋರಿಯಂನಲ್ಲಿ ಫ್ರಾಂಜ್ ಕಾಫ್ಕಾ ಗಂಟಲಿಗೆ ಹರಡಿದ ಕ್ಷಯದಿಂದ ಸತ್ತ. ಮಾತನಾಡಬಾರದೆಂಬ ವೈದ್ಯರ ಕಟ್ಟಪ್ಪಣೆಯಿಂದಾಗಿ ಕೊನೆಯ ವಾರಗಳಲ್ಲಿ ಅವನು ಚೀಟಿಗಳಲ್ಲಿ ಬರೆದು ಮಾತನಾಡುತ್ತಿದ್ದ.

ಮನಸ್ಸು ಕುಸಿದ ರೋಗಿಗಳ ಲೆಕ್ಕವನ್ನು ಆ ಸಂಸ್ಥೆಗಳು ಹೆಚ್ಚಾಗಿ ಇಡಲಿಲ್ಲ. ಒಬ್ಬೊಬ್ಬರ ಬದುಕಿನಿಂದ ಅದನ್ನು ತಿಳಿಯಬೇಕು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1917ರಲ್ಲಿ ಕೇಂಬ್ರಿಜ್‌ನಲ್ಲಿ ಕಾಯಿಲೆ ಬಿದ್ದಾಗ ವೈದ್ಯರು ಕ್ಷಯವೆಂದು ಬಗೆದು ಸ್ಯಾನಿಟೋರಿಯಂಗೆ ಕಳಿಸಿದರು. ಡರ್ಬಿಶೈರ್‌ನ ಮ್ಯಾಟ್ಲಾಕ್‌ನಲ್ಲಿ ಅವರು ಬಹುಕಾಲ ಇದ್ದರು. ಕೊರೆಯುವ ಚಳಿಯಲ್ಲಿ ತೆರೆದಿಟ್ಟ ಕಿಟಕಿ, ಸಸ್ಯಾಹಾರಿಗೆ ಒಗ್ಗದ ಅಡಿಗೆ, ತಮಿಳಿನ ಒಂದು ಸದ್ದೂ ಇಲ್ಲದ ದಿನಗಳು, ಊರಿನಿಂದ ಸರಿಯಾಗಿ ಬಾರದ ಕಾಗದ. 1918ರ ಆರಂಭದಲ್ಲಿ ಅವರು ಲಂಡನ್ನಿನ ಸುರಂಗ ರೈಲಿನ ಹಳಿಗೆ ಹಾರಿದರು. ರೈಲು ನಿಂತದ್ದರಿಂದ ಬದುಕಿದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದದ್ದು ಅವರಿಗೆ ಹೊಸ ಚೈತನ್ಯ ಕೊಟ್ಟಿತೆಂದು ಅವರ ಜೊತೆ ಕೆಲಸ ಮಾಡಿದ ಗಣಿತಜ್ಞ ಹಾರ್ಡಿ ಹೇಳಿದ್ದಾರೆ. ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ವೈದ್ಯರಲ್ಲಿ ಕೆಲವರು ಅವರಿಗಿದ್ದದ್ದು ಕ್ಷಯವಲ್ಲ, ಯಕೃತ್ತಿಗೆ ತಗಲಿದ ಅಮೀಬಾ ಸೋಂಕು ಎಂದು ವಾದಿಸಿದ್ದಾರೆ. ರೋಗ ಯಾವುದೇ ಇರಲಿ, ಮ್ಯಾಟ್ಲಾಕ್‌ನ ಒಂಟಿತನ ನಿಜವಾದದ್ದು.

ಇದಕ್ಕೆ ಎದುರಾಗಿ ನಾರ್ಮನ್ ಬೆಥೂನ್ ಎಂಬ ಕೆನಡಾದ ಶಸ್ತ್ರವೈದ್ಯನ ಕಥೆಯನ್ನಿಡಬಹುದು. 1926ರ ಕೊನೆಯಲ್ಲಿ ಟ್ರೂಡೋ ಸ್ಯಾನಿಟೋರಿಯಂ ಸೇರಿದಾಗ ಅವನು ಬದುಕಿನ ಆಸೆ ಬಿಟ್ಟಿದ್ದ. ಹೆಂಡತಿಗೆ ವಿಚ್ಛೇದನ ತೆಗೆದುಕೊಳ್ಳುವಂತೆ ಹೇಳಿದ್ದ. ಮಲಗಿದ್ದ ಕಾಟೇಜಿನ ಗೋಡೆಗೆ ಸುತ್ತಲೂ ಕಾಗದ ಅಂಟಿಸಿ, ತಾಯಿಯ ಗರ್ಭದಿಂದ ಸಮಾಧಿಯವರೆಗಿನ ತನ್ನ ಬಾಳನ್ನು ಚಿತ್ರಗಳಾಗಿ ಬರೆದ. ತನ್ನ ಮತ್ತು ಕೋಣೆಯ ಗೆಳೆಯರ ಗೋರಿಕಲ್ಲುಗಳನ್ನೂ ಅದರಲ್ಲಿ ಬಿಡಿಸಿದ. ಬಳಿಕ ಅಲ್ಲಿನ ಗ್ರಂಥಾಲಯದಲ್ಲಿ ಕ್ಷಯದ ಶಸ್ತ್ರಚಿಕಿತ್ಸೆಯ ಬಗ್ಗೆ ಜಾನ್ ಅಲೆಕ್ಸಾಂಡರ್ ಬರೆದ ಹೊಸ ಪುಸ್ತಕ ಅವನ ಕೈಗೆ ಸಿಕ್ಕಿತು. ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿ, ರೋಗಪೀಡಿತ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವ ಕ್ರಮ ಅದರಲ್ಲಿತ್ತು. ತನಗೆ ಅದನ್ನೇ ಮಾಡಬೇಕೆಂದು ಹಟ ಹಿಡಿದು ಮಾಡಿಸಿಕೊಂಡು, 1927 ಮುಗಿಯುವ ಮುನ್ನ ಆಸ್ಪತ್ರೆಯಿಂದ ಹೊರಬಂದ. ಬಿಟ್ಟುಹೋಗಿದ್ದ ಹೆಂಡತಿಯನ್ನು ಮತ್ತೆ ಮದುವೆಯಾದ. ಚೀನಾದ ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತಾ 1939ರಲ್ಲಿ ಅವನು ಸತ್ತದ್ದು ರಕ್ತಕ್ಕೆ ನಂಜೇರಿ. ತನ್ನ ಚಿಕಿತ್ಸೆಯಲ್ಲಿ ತನಗೂ ಮಾತಿದೆ ಎಂದು ಅರಿತ ರೋಗಿ ಹೇಗೆ ಎದ್ದು ಕೂರುತ್ತಾನೆ ಎಂಬುದನ್ನು ಬೆಥೂನ್‌ನಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ.

ಇಂಗ್ಲೆಂಡಿನಲ್ಲಿ ಪೆಂಡ್ರಿಲ್ ವೇರಿಯರ್-ಜೋನ್ಸ್ ಬೇರೆ ದಾರಿ ಹಿಡಿದ. ಸ್ಯಾನಿಟೋರಿಯಂನಿಂದ ಹೊರಬಂದ ರೋಗಿ ಕೆಲಸವಿಲ್ಲದೆ, ಹಳೆಯ ಇಕ್ಕಟ್ಟಿನ ಮನೆಯಲ್ಲಿ ಹಸಿದು ಮತ್ತೆ ರೋಗಕ್ಕೆ ಬೀಳುವುದನ್ನು ನೋಡಿ, ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್‌ನಲ್ಲಿ 1918ರಿಂದ ಒಂದು ಹಳ್ಳಿಯನ್ನೇ ಬೆಳೆಸಿದ. ಆಸ್ಪತ್ರೆಯ ಪಕ್ಕದಲ್ಲೇ ಬಡಗಿ ಕೆಲಸ, ಅಚ್ಚಿನ ಕೆಲಸ, ಪೆಟ್ಟಿಗೆ ಮಾಡುವ ಕೆಲಸಗಳ ಕಮ್ಮಟಗಳಿದ್ದವು. ರೋಗಿ ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಮನೆ ಮಾಡಿ, ಮೈಯಲ್ಲಿ ಶಕ್ತಿ ಇದ್ದಷ್ಟು ಹೊತ್ತು ದುಡಿದು ಕೂಲಿ ಪಡೆಯಬಹುದಿತ್ತು.

ಭಾರತದಲ್ಲಿ ಈ ಸಂಸ್ಥೆಗಳು ಮಿಷನರಿಗಳಿಂದ, ದಾನಿಗಳಿಂದ, ಸಂಸ್ಥಾನಗಳಿಂದ ಹುಟ್ಟಿದವು. 1906ರಲ್ಲಿ ಅಜ್ಮೀರ್ ಬಳಿಯ ತಿಲೋನಿಯಾ, 1909ರಲ್ಲಿ ಶಿಮ್ಲಾ ದಾರಿಯ ಧರ್ಮಪುರ, 1912ರಲ್ಲಿ ಕುಮಾವೂನಿನ ಭೋವಾಲಿ. ದಕ್ಷಿಣದಲ್ಲಿ ದೊಡ್ಡ ಹೆಸರು ಮದನಪಲ್ಲಿಯದು. ಹಲವು ಮಿಷನ್‌ಗಳು ಕೂಡಿ 1915ರಲ್ಲಿ, ಟ್ರೂಡೋ ತೀರಿಕೊಂಡ ವರ್ಷ, ಅಲ್ಲಿ ಸ್ಯಾನಿಟೋರಿಯಂ ತೆರೆದವು. ಡೆನ್ಮಾರ್ಕಿನ ಡಾ. ಕ್ರಿಶ್ಚಿಯನ್ ಫ್ರಿಮೊಡ್-ಮೊಲ್ಲರ್ ಅದರ ಮುಖ್ಯಸ್ಥರಾಗಿದ್ದರು. ಆ ಜಾಗಕ್ಕೆ ಆರೋಗ್ಯವರಂ ಎಂದು ಹೆಸರಾಯಿತು. ಮೈಸೂರಿನಲ್ಲಿ ಕ್ಷಯ ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅದಕ್ಕೆ ಬಲಿಯಾದರು. ಅವರ ನೆನಪಿಗಾಗಿ ಊರ ಹೊರಗೆ, ಈಗ ಕೆ.ಆರ್.ಎಸ್. ರಸ್ತೆ ಎನ್ನುವ ಕಡೆ, 1921ರಲ್ಲಿ ತೆರೆದ ಆಸ್ಪತ್ರೆಯೇ ಪಿ.ಕೆ. ಸ್ಯಾನಿಟೋರಿಯಂ, ಈಗಿನವರ ಬಾಯಲ್ಲಿ ಪಿ.ಕೆ.ಟಿ.ಬಿ. ಕ್ಷಯಕ್ಕಿರುವ 'ರಾಜರೋಗ' ಎಂಬ ಹೆಸರಿಗೆ ಮೈಸೂರಿನಲ್ಲಿ ಹೀಗೊಂದು ನೇರವಾದ, ನೋವಿನ ಅರ್ಥವೂ ಉಂಟು.

ರೋಗದ ಹೆಸರು ಹೇಳದೆ 'ಎದೆ ಕಾಯಿಲೆ', 'ಆ ಕಾಯಿಲೆ' ಎನ್ನುತ್ತಿದ್ದ ಕಾಲ ಅದು. ಮನೆಯಲ್ಲೊಬ್ಬರಿಗೆ ಬಂದರೆ ಉಳಿದವರ ಮದುವೆಗೂ ಅಡ್ಡಿ. ಕಾಯಿಲೆ ಬಿದ್ದ ಸೊಸೆಯನ್ನು ತವರಿಗೆ ಕಳಿಸಿ ಕೈತೊಳೆದುಕೊಂಡ ಮನೆಗಳು ಕಡಿಮೆಯಿರಲಿಲ್ಲ. ಲೋಟ, ತಟ್ಟೆ ಬೇರೆ. ಹಾಸಿಗೆ ಹಿತ್ತಲ ಕೋಣೆಯಲ್ಲಿ. ಕಮಲಾ ನೆಹರೂ 1934ರಿಂದ ಹಲವು ತಿಂಗಳು ಭೋವಾಲಿಯಲ್ಲಿ ಮಲಗಿದ್ದಾಗ ಜವಾಹರಲಾಲ್ ಹತ್ತಿರದ ಅಲ್ಮೋರಾ ಜೈಲಿನಲ್ಲಿದ್ದರು. ಆಗೊಮ್ಮೆ ಈಗೊಮ್ಮೆ ಸಿಕ್ಕ ಅನುಮತಿಯ ಭೇಟಿಗಳೇ ಇಬ್ಬರಿಗೂ ಆಧಾರ. 1936ರ ಫೆಬ್ರುವರಿ 28ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಆಕೆ ತೀರಿಕೊಂಡರು. ಆ ಜೈಲಿನಲ್ಲೇ ಬರೆದು ಮುಗಿಸಿದ ಆತ್ಮಕಥೆಯನ್ನು ನೆಹರೂ ಇಲ್ಲವಾದ ಕಮಲಾ ಅವರಿಗೆ ಅರ್ಪಿಸಿದರು. ಇದು ಹೆಸರಿದ್ದವರ, ಹಣವಿದ್ದವರ ಮಾತು. ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಸೋಂಕು ಹರಡಬಲ್ಲ ಕ್ಷಯರೋಗಿಗಳಿದ್ದರು, ವರ್ಷಕ್ಕೆ 5 ಲಕ್ಷ ಮಂದಿ ಸಾಯುತ್ತಿದ್ದರು, ಅವರಿಗಾಗಿ ಇದ್ದ ಹಾಸಿಗೆಗಳು ಸುಮಾರು 6,000. ಉಳಿದವರ ಭರವಸೆ ದೇವರಲ್ಲಿ, ಹರಕೆಯಲ್ಲಿ, ನಾಟಿವೈದ್ಯರಲ್ಲಿ ಇತ್ತು.

ಔಷಧಿ ಬಂದದ್ದು 1940ರ ದಶಕದಲ್ಲಿ. 1943ರಲ್ಲಿ ಆಲ್ಬರ್ಟ್ ಷಾಟ್ಜ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ಮೊದಲ ಆಸೆ. ಅದೊಂದನ್ನೇ ಕೊಟ್ಟರೆ ಕೆಲವೇ ತಿಂಗಳಲ್ಲಿ ರೋಗಾಣು ಅದಕ್ಕೆ ಬಗ್ಗದಂತಾಗುತ್ತಿತ್ತು. ಚೇತರಿಸಿಕೊಂಡ ರೋಗಿ ಕಣ್ಣೆದುರೇ ಮತ್ತೆ ಕುಸಿಯುತ್ತಿದ್ದ. ಜಾರ್ಜ್ ಆರ್ವೆಲ್‌ಗೆ 1948ರಲ್ಲಿ ಸ್ಕಾಟ್ಲೆಂಡಿನ ಆಸ್ಪತ್ರೆಯಲ್ಲಿ ಇದನ್ನು ಕೊಟ್ಟಾಗ ಮೈಯೆಲ್ಲ ಹುಣ್ಣೆದ್ದು ನಿಲ್ಲಿಸಬೇಕಾಯಿತು. ಒಂದು ಔಷಧಿಯ ಬದಲು ಎರಡು ಮೂರನ್ನು ಒಟ್ಟಿಗೆ ಕೊಡಬೇಕೆಂಬ ಪಾಠ ಬಂದದ್ದು ರೋಗಾಣು ಒಂದೇ ಔಷಧಿಗೆ ಬಗ್ಗದಂತಾದ ಆ ಅನುಭವದಿಂದ.

1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ನಡೆದದ್ದು ಈ ಚರಿತ್ರೆಯ ತಿರುವು. ಬಿಳಿಯ ನರ್ಸ್‌ಗಳು ಸೋಂಕಿಗೆ ಹೆದರಿ ಬಿಟ್ಟುಹೋದ ಆ ಆಸ್ಪತ್ರೆಯನ್ನು ನಡೆಸಿದ್ದು ದಕ್ಷಿಣದ ರಾಜ್ಯಗಳಿಂದಲೂ ಬಂದು ಸೇರಿದ ಕಪ್ಪು ನರ್ಸ್‌ಗಳು. ಅಲ್ಲಿ ಎಡ್ವರ್ಡ್ ರಾಬಿಟ್‌ಜೆಕ್ ಮತ್ತು ಇರ್ವಿಂಗ್ ಸೆಲಿಕಾಫ್, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ರೋಗಿಗಳಿಗೆ ಐಸೋನಿಯಾಜಿಡ್ ಮತ್ತು ಅದರ ಹತ್ತಿರದ ರಸಾಯನವಾದ ಐಪ್ರೊನಿಯಾಜಿಡ್ ಮಾತ್ರೆಗಳನ್ನು ಕೊಟ್ಟರು. ವಾರಗಳಲ್ಲಿ ಜ್ವರ ಇಳಿಯಿತು, ಹಸಿವು ಮರಳಿತು, ತೂಕ ಏರಿತು. ಹಾಸಿಗೆ ಬಿಟ್ಟೇಳದಿದ್ದವರು ವಾರ್ಡಿನಲ್ಲಿ ಕುಣಿಯುತ್ತಿರುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಐಪ್ರೊನಿಯಾಜಿಡ್ ಪಡೆದವರಲ್ಲಿ ಇನ್ನೂ ಒಂದು ವಿಚಿತ್ರ ಕಂಡಿತು. ಶ್ವಾಸಕೋಶ ಸುಧಾರಿಸಿದ್ದಕ್ಕಿಂತ ಹೆಚ್ಚಾಗಿ ಮನಸ್ಸು ಅರಳುತ್ತಿತ್ತು. ಮಾತು, ಉತ್ಸಾಹ ಎರಡೂ ಮಿತಿಮೀರಿ ಬರುತ್ತಿದ್ದವು. ಮೆದುಳಿನಲ್ಲಿ ಮನಃಸ್ಥಿತಿಗೆ ಸಂಬಂಧಿಸಿದ ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ ಎಂದು ಅದೇ ವರ್ಷ ಆಲ್ಬರ್ಟ್ ಝೆಲ್ಲರ್ ಕಂಡುಹಿಡಿದ. 1957ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಕ್ಷಯವಿಲ್ಲದ, ಖಿನ್ನತೆಯಿರುವ ರೋಗಿಗಳಿಗೆ ಇದನ್ನು ಕೊಟ್ಟು ಫಲ ಕಂಡರು. ಖಿನ್ನತೆಗೆ ಬಂದ ಮೊದಲ ಔಷಧಿಗಳಲ್ಲಿ ಒಂದು ಹೀಗೆ ಕ್ಷಯದ ವಾರ್ಡಿನಿಂದ ಎದ್ದುಬಂತು. ಯಕೃತ್ತನ್ನು ಕೆಡಿಸುತ್ತದೆಂದು 1961ರಲ್ಲಿ ಅಮೆರಿಕದಲ್ಲಿ ಅದನ್ನು ಹಿಂತೆಗೆದರೂ ಅದು ತೆರೆದ ದಾರಿ ಮುಚ್ಚಲಿಲ್ಲ. ಶತಮಾನಗಳ ಕಾಲ ರೋಗದ ಲಕ್ಷಣವೆಂದು ಬರೆದಿಟ್ಟ ಉಲ್ಲಾಸ ಈಗ ಔಷಧಿಯ ಪರಿಣಾಮವಾಗಿ ದಾಖಲಾಯಿತು. ವಾರ್ಡಿನಲ್ಲಿ ಕುಣಿದವರ ಸಂತೋಷವನ್ನು ಪೂರ್ತಿಯಾಗಿ ರಾಸಾಯನಿಕದ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಸಾಯುತ್ತೇನೆಂದುಕೊಂಡವನಿಗೆ ಸಾವಿಲ್ಲವೆಂದು ತಿಳಿದರೆ ಕುಣಿಯಲು ಬೇರೆ ಕಾರಣ ಬೇಕಿಲ್ಲ.

ಸ್ಯಾನಿಟೋರಿಯಂಗಳ ಬಾಗಿಲು ಮುಚ್ಚತೊಡಗಿತು. ಟ್ರೂಡೋವಿನದು 1954ರಲ್ಲೇ ಮುಚ್ಚಿತು. ಬಡದೇಶಗಳ ಮಟ್ಟಿಗೆ ಅಂತಿಮ ತೀರ್ಪು ಕೊಟ್ಟದ್ದು ಮದರಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಸೇರಿ 1956ರಲ್ಲಿ ಅಲ್ಲಿ ಕ್ಷಯ ಔಷಧಚಿಕಿತ್ಸಾ ಕೇಂದ್ರ ತೆರೆದವು. ವಾಲೇಸ್ ಫಾಕ್ಸ್ ನೇತೃತ್ವದಲ್ಲಿ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಿಟೋರಿಯಂಗೆ, ಇನ್ನೊಂದನ್ನು ಅವರವರ ಮನೆಗೆ ಕಳಿಸಿದರು. ಎರಡೂ ಪಾಲಿಗೆ ಒಂದೇ ಬಗೆಯ ಔಷಧಿಗಳು, ಒಂದು ವರ್ಷ. ಸ್ಯಾನಿಟೋರಿಯಂನವರಿಗೆ ಹಾಲು, ಮೊಟ್ಟೆ, ವಿಶ್ರಾಂತಿ, ಗಾಳಿ. ಮನೆಯಲ್ಲಿ ಉಳಿದವರಿಗೆ ಗಿಜಿಗುಡುವ ಗುಡಿಸಲು, ಅನ್ನ ಸಾರು, ಕೂಲಿಯ ಚಿಂತೆ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಸ್ಯಾನಿಟೋರಿಯಂನಲ್ಲಿ ಶೇಕಡ 92, ಮನೆಯಲ್ಲಿ ಶೇಕಡ 86 ಮಂದಿಯ ರೋಗ ತಣ್ಣಗಾಗಿತ್ತು. ಮನೆಯಲ್ಲಿದ್ದ ರೋಗಿಗಳಿಂದ ಅವರ ಕುಟುಂಬದವರಿಗೆ ಸೋಂಕು ಹೆಚ್ಚಾಗಿ ಹರಡಲೂ ಇಲ್ಲ. ಗಾಳಿ, ಬೆಟ್ಟ, ಮೊಟ್ಟೆಗಳ ಮೇಲಿದ್ದ ನೂರು ವರ್ಷದ ನಂಬಿಕೆ ಹೀಗೆ ಕಳಚಿತು. ಮನೆಯವರನ್ನು ಬಿಟ್ಟಿರಲಾರದೆ ನಡುವೆಯೇ ಹೊರಟುಹೋದವರು ಸ್ಯಾನಿಟೋರಿಯಂನಲ್ಲಿ ಹೆಚ್ಚಿದ್ದರು. ರೋಗಿಯನ್ನು ತನ್ನವರ ನಡುವೆಯೇ ಉಳಿಸಬಹುದು ಎಂದು ವಿಜ್ಞಾನ ಒಪ್ಪಿದ್ದು, ಔಷಧಿಯನ್ನು ಕಂಡುಹಿಡಿದದ್ದಕ್ಕಿಂತ ಸಣ್ಣ ಸಂಗತಿಯಲ್ಲ.

ಮುಂದಿನ ಕೆಲಸ ಕರ್ನಾಟಕದ ನೆಲದಲ್ಲಿ ನಡೆಯಿತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯವರು ಕಾಯಿಲೆಯನ್ನು ಹಣೆಬರಹವೆಂದು ಸುಮ್ಮನಿರುತ್ತಾರೆ, ಅವರನ್ನು ಹುಡುಕಿ ತಿಳಿವಳಿಕೆ ಹೇಳಬೇಕು ಎಂಬುದು ಆಗಿನ ಸಾಮಾನ್ಯ ನಂಬಿಕೆ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇಯಿಂದ ಪತ್ತೆಯಾದವರ ಮನೆಗೆ ಹೋಗಿ ವಿಚಾರಿಸಿದಾಗ ಕಂಡದ್ದು ಬೇರೆ. ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು, ಹೆಚ್ಚಿನವರಿಗೆ ಅದರ ಚಿಂತೆಯಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. 1963ರಲ್ಲಿ ಪ್ರಕಟವಾದ ಈ ಅಧ್ಯಯನ ರೋಗಿಯ ಮೇಲಿದ್ದ ಆರೋಪವನ್ನು ವ್ಯವಸ್ಥೆಯ ಕಡೆಗೆ ತಿರುಗಿಸಿತು. ಭರವಸೆಯಿಟ್ಟು ಹತ್ತು ಮೈಲಿ ನಡೆದು ಬಂದವನನ್ನು ಕಫ ಪರೀಕ್ಷೆಯನ್ನೂ ಮಾಡದೆ ಹಿಂದಕ್ಕೆ ಕಳಿಸಿದರೆ ಅವನು ಮತ್ತೆ ಬರುವುದಿಲ್ಲ. 1962ರಿಂದ ಆರಂಭವಾದ ಜಿಲ್ಲಾ ಕ್ಷಯ ಕಾರ್ಯಕ್ರಮದಲ್ಲಿ ಊರಿನ ಹತ್ತಿರದ ಆರೋಗ್ಯಕೇಂದ್ರದಲ್ಲೇ ಕಫ ಪರೀಕ್ಷೆ, ಉಚಿತ ಔಷಧಿ ಕೊಡುವ ಯೋಜನೆಗೆ ಈ ಸಂಸ್ಥೆಯ ಕೆಲಸವೇ ತಳಹದಿ.

ರಿಫಾಂಪಿಸಿನ್ ಎಂಬ ಔಷಧಿ ಬಂದ ಮೇಲೆ ಚಿಕಿತ್ಸೆಯ ಅವಧಿ ಆರು ತಿಂಗಳಿಗೆ ಇಳಿಯಿತು. ಆದರೆ ಔಷಧಿಗೆ ಬಗ್ಗದ ಕ್ಷಯ ಹಳೆಯ ದೀರ್ಘ ಕಾಯುವಿಕೆಯನ್ನು ಮತ್ತೆ ತಂದಿತು. ಇತ್ತೀಚಿನವರೆಗೂ ಅದಕ್ಕೆ ಒಂದೂವರೆ ಎರಡು ವರ್ಷದ ಚಿಕಿತ್ಸೆ, ತಿಂಗಳುಗಟ್ಟಲೆ ಚುಚ್ಚುಮದ್ದು, ಕೆಲವರಿಗೆ ಅದರಿಂದ ಕಿವಿ ಕೇಳಿಸದಾಗುವುದು. ಅದಕ್ಕೆ ಬಳಸುವ ಸೈಕ್ಲೋಸೆರಿನ್ ಎಂಬ ಮಾತ್ರೆ ಕೆಲವರಲ್ಲಿ ಖಿನ್ನತೆ, ಭ್ರಮೆ, ಸಾಯುವ ಯೋಚನೆಯನ್ನೂ ತರುತ್ತದೆ. ಹಾಗಾಗಿ ಕ್ಷಯದ ವೈದ್ಯರು ರೋಗಿಯ ಎದೆಯ ಜೊತೆಗೆ ಮನಸ್ಸನ್ನೂ ಕೇಳಿ ತಿಳಿಯಲೇಬೇಕಾಯಿತು. ಬೆಡಾಕ್ವಿಲಿನ್‌ನಂಥ ಹೊಸ ಔಷಧಿಗಳಿಂದ ಈಗ ಇದರಲ್ಲೂ ಹಲವರಿಗೆ ಆರು ತಿಂಗಳ, ಚುಚ್ಚುಮದ್ದಿಲ್ಲದ ಚಿಕಿತ್ಸೆ ಸಾಧ್ಯವಾಗಿದೆ. 2018ರಲ್ಲಿ ಆರಂಭವಾದ ನಿಕ್ಷಯ ಪೋಷಣ ಯೋಜನೆಯಡಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಕ್ಷಯದಿಂದ ಗುಣವಾದವರಿಗೆ ತರಬೇತಿ ಕೊಟ್ಟು, ಹೊಸ ರೋಗಿಗಳ ಮನೆಗೆ ಹೋಗಿ ಮಾತನಾಡಿಸುವ ಕೆಲಸಕ್ಕೆ ಹಚ್ಚುವುದೂ ಈಗ ರಾಷ್ಟ್ರೀಯ ಕಾರ್ಯಕ್ರಮದ ಒಂದು ಭಾಗ. ಅವರು ಮೊದಲು ಹೇಳುವುದು ತಾವೂ ಇದೇ ಮಾತ್ರೆ ನುಂಗಿದವರು ಎಂಬುದನ್ನು.